ತುಳಸಿಕಟ್ಟೆ ಪಕ್ಕದ ವಾಲ್ವ್

ಫೆಬ್ರವರಿ 3, ಸೋಮವಾರ

ಟಿಡಿಎಸ್ 1140. ಅಳೆದದ್ದು ಪ್ಲಂಬರ್ ಮಾಯಣ್ಣ, ಬೆಳಿಗ್ಗೆ 10.20ಕ್ಕೆ, ಅಡುಗೆಮನೆಯ ನಲ್ಲಿಯಲ್ಲಿ. ನೀರಿನಲ್ಲಿ ಕರಗಿದ ಉಪ್ಪು, ಸುಣ್ಣ ಎಲ್ಲ ಸೇರಿದ ಲೆಕ್ಕ. ಐನೂರರೊಳಗಿದ್ದರೆ ಒಳ್ಳೆಯದು ಎಂದು ಪೇಪರಿನಲ್ಲಿ ಓದಿದ್ದೇನೆ.

ಗೀಸರ್ ಕಾಯಿಲ್ ಮತ್ತೆ ಹೋಗಿದೆ. ಬೋರ್‌ವೆಲ್ ನೀರಿಗೆ ಬಂದ ಮೇಲೆ ಇದು ನಾಲ್ಕನೆಯದು. ಮಾಯಣ್ಣ ಹೊರಗೆ ತೆಗೆದು ಹಳೇ ಪೇಪರಿನ ಮೇಲಿಟ್ಟ — ಬಿಳಿ ಕೋಡುಬಳೆಯ ಹಾಗಿತ್ತು.

"ಕೆರೆದು ಇಟ್ಕೊಳ್ಳಿ ಅಮ್ಮಾವ್ರೇ. ಯುಗಾದಿಗೆ ಮನೆಗೆ ಸುಣ್ಣ ಹೊಡೆಯೋಕಾಗುತ್ತೆ."

ಈ ವರ್ಷ ನಮಗೆ ಹಬ್ಬವಿಲ್ಲ ಎಂದೆ. ನಾಲಿಗೆ ಕಚ್ಚಿಕೊಂಡ. ಬದರಿ ಅಣ್ಣ ಹೋಗಿ ಇಂದಿಗೆ ಇಪ್ಪತ್ನಾಲ್ಕು ದಿನ.

ಆಮೇಲೆ ಅವನೇ ಕೇಳಿದ, "ಅಣ್ಣಾವ್ರ ಮನೇಲಿ ಕಾವೇರಿ ನೀರಿದೆ. ಒಂದೇ ಸೈಟು, ಮಧ್ಯ ಮೂವತ್ತಡಿ. ಅಲ್ಲಿಂದ ಒಂದು ಲೈನ್ ಎಳ್ಕೋಬಾರ್ದಾ?"

"ಲೈನ್ ಇದೆ. ವಾಲ್ವ್ ಮುಚ್ಚಿದ್ದಾರೆ."

"ಯಾರು?"

"ಅತ್ತಿಗೆ."

"ನೀವು ನೋಡಿದ್ರಾ?"

ಕಾಫಿ ಕೊಟ್ಟೆ. ಅರ್ಧ ಕುಡಿದು ಲೋಟ ಇಟ್ಟ.

ಫೆಬ್ರವರಿ 9, ಭಾನುವಾರ

ತೊಗರಿಬೇಳೆ ಎಂಟು ವಿಷಲ್. ಕಾಳು ಕಾಳಾಗಿಯೇ ಉಳಿಯಿತು. ಹಾಗೇ ತಿಂದೆ.

ಹದಿಮೂರನೆಯ ದಿನ ಮುಂದಿನ ಮನೆಯಲ್ಲಿ, ಅಣ್ಣನ ಮನೆಯಲ್ಲಿ, ಉಂಡದ್ದು ಜ್ಞಾಪಕಕ್ಕೆ ಬಂತು. ತೊವ್ವೆ ಬೆಣ್ಣೆಯ ಹಾಗೆ ಬೆಂದಿತ್ತು. ಅಣ್ಣ ಹೋದ ದಿನ ಹೋಗಿದ್ದೆ, ಆ ದಿನ ಹೋಗಿದ್ದೆ. ಅದಕ್ಕೆ ಮೊದಲು ಐದು ವರ್ಷ ಎಂಟು ತಿಂಗಳು ಆ ಹೊಸ್ತಿಲು ತುಳಿದಿರಲಿಲ್ಲ. ಅಣ್ಣ ಗೇಟಿನ ಬಳಿ ಸಿಕ್ಕರೆ ಮಾತು. ಹವೆ, ಪೇಪರ್, ಕರೆಂಟ್.

ಅತ್ತಿಗೆ ಬಾಗಿಲ ಪಕ್ಕ ಕೂತಿದ್ದರು. "ನಿಮ್ಮ ಊಟ ಆಯ್ತಾ?" ಎಂದರು. ಆಯಿತು ಎಂದೆ. ಹಿಂದೆಲ್ಲ "ಮೈತ್ರಿ, ತಿಂದ್ಯೇನೇ?" ಎನ್ನುತ್ತಿದ್ದರು.

ಫೆಬ್ರವರಿ 10

ನಲ್ಲಿಗಳನ್ನು ವಿನಿಗರ್ ಹಾಕಿ ಉಜ್ಜಿದೆ. ಸೋಪು ನೊರೆ ಬರಲಿಲ್ಲ. ಬಾಚಣಿಗೆಯಲ್ಲಿ ಕೂದಲು. ಅಣ್ಣನಿಗಾಗಿ ಇನ್ನೂ ಅತ್ತಿಲ್ಲ. ಬರೆದಿಡುವುದಕ್ಕೆ ಅಷ್ಟೇ.

ಮಾರ್ಚ್ 12, ಬುಧವಾರ

ಅತ್ತಿಗೆ ಮೈಸೂರಿಗೆ, ತಂಗಿಯ ಮನೆಗೆ ಹೋಗುತ್ತಾರೆ. ಇನ್ನು ಅಲ್ಲೇ. 23ನೇ ತಾರೀಖು ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ ಕಾರು. ಮುಂದಿನ ಮನೆ ಬಾಡಿಗೆಗೆ. ಹೇಳಿದ್ದು ಮಾಯಣ್ಣ. ಬಾಡಿಗೆಯವರು ಬರುವ ಮೊದಲು ಹಳೆಯ ಪೈಪೆಲ್ಲ ಬದಲಿಸಲು ಅವನಿಗೇ ಕೆಲಸ ಒಪ್ಪಿಸಿದ್ದಾರೆ.

ನನಗೆ ಅವರು ಹೇಳಿಲ್ಲ. ನಾನು ಕೇಳಿಲ್ಲ.

ಮಾರ್ಚ್ 19, ಬುಧವಾರ

ವಾಲ್ವ್ ಮುಚ್ಚಿರಲಿಲ್ಲ. ತೆರೆದೇ ಇತ್ತು. ಹೇಳಿದ್ದು ಮಾಯಣ್ಣ. ಆಮೇಲೆ ನಾನೇ ನೋಡಿದೆ.

ಹನ್ನೊಂದರ ಸುಮಾರಿಗೆ ಕರೆಯಲು ಬಂದ. "ಒಂದ್ನಿಮಿಷ ಬನ್ನಿ ಅಮ್ಮಾವ್ರೇ. ಚೂಡಾಮಣಿಯಮ್ಮ ಕರೀತಿದಾರೆ." ಅತ್ತಿಗೆ ಕರೆದರೆಂದು ಹೋದೆ. ತುಳಸಿಕಟ್ಟೆಯ ಪಕ್ಕದ ಚಪ್ಪಡಿ ಎತ್ತಿಟ್ಟಿದ್ದ. ವಾಲ್ವನ್ನು ಎರಡೂ ಕಡೆಯ ಪೈಪಿನ ಸಮೇತ ಕತ್ತರಿಸಿ ಗೋಣಿಚೀಲದ ಮೇಲೆ ಹಾಕಿದ್ದ. ಅತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದರು.

"ಒಳಗೆ ಬಗ್ಗಿ ನೋಡಿ. ನೀರು ತಡೆಯೋ ಗೇಟ್ ಮೇಲಕ್ಕೆ ಎತ್ತಿದಂಗೇ ಇದೆ. ಇದನ್ನ ಯಾರೂ ಮುಚ್ಚಿಲ್ಲ. ಪೈಪೇ ಮುಚ್ಕೊಂಡಿದೆ. ಬೇಸಿಗೇಲಿ ಕಾವೇರಿ ಸಾಲ್ದೆ ಇದೇ ಟ್ಯಾಂಕಿಗೆ ಬೋರ್ ನೀರು ಬಿಡ್ತಿದ್ರಲ್ಲ, ಆ ಸುಣ್ಣ."

ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಪೈಪಿನೊಳಗೆ ತೂರಿಸಿದ. ಹೋಗಲಿಲ್ಲ.

ಅತ್ತಿಗೆ ಮಾಯಣ್ಣನನ್ನು ನೋಡಿಕೊಂಡೇ ಹೇಳಿದರು, "ನಮ್ಮನೆಯವರು ಸ್ಪ್ಯಾನರ್ ಹಾಕಿ ನೋಡಿದ್ರು, ನೀರು ನಿಂತಾಗ್ಲೇ. ತಿರುಗ್ಲಿಲ್ಲ. ಇಷ್ಟು ಬಿಗಿಯಾಗಿ ಮುಚ್ಚಿದೀಯಲ್ಲ, ಅವಳು ನಿಂಗೇನು ಮಾಡಿದ್ಲು ಅಂದ್ರು."

"ಪೂರ್ತಿ ತೆಗೆದಿರೋ ವಾಲ್ವನ್ನ ಇನ್ನೂ ತೆಗೀತೀನಿ ಅಂದ್ರೆ ಎಲ್ಲಿ ತಿರುಗುತ್ತೆ ತಾಯಿ?"

"ಪ್ಲಂಬರ್ ಕರೆಸಿ ಅಂದೆ. ಮನೆ ಜಗಳ ಬೀದಿಗೆ ತರ್ಬೇಡ ಅಂದ್ರು. ಕೊನೇವರೆಗೂ ನಾನೇ ಮುಚ್ಚಿದ್ದು ಅಂತ್ಲೇ ಇದ್ರು."

ದನಿ ಏರಲಿಲ್ಲ. ಸ್ವಲ್ಪ ನಿಂತರು. ನನ್ನಿಂದ ಏನಾದರೂ ಬರುತ್ತದೆ ಎಂದಿರಬಹುದು. ನಾನು ಪೈಪ್ ನೋಡುತ್ತಿದ್ದೆ.

"ಮಾಯಣ್ಣ, ಹಿಂದಿನ ಮನೆಗೂ ಹೊಸ ಪೈಪ್ ಹಾಕ್ಬಿಡಿ. ಅವರಿಗೆ ನೀರು ಬರ್ಲಿ," ಎಂದು ಒಳಗೆ ಹೋದರು.

ಅವರು ಎಂದರೆ ನಾನು.

ಮಾರ್ಚ್ 20

2019ರ ದಿನಚರಿ ತೆಗೆದೆ.

ಮೇ 14, ಮಂಗಳವಾರ. "ನಾಳೆ ಹಾಲು ತಡ — ಬೂತಿನವರು. ನೀರು ನಿಂತಿದೆ. ಅತ್ತಿಗೆ ವಾಲ್ವ್ ಮುಚ್ಚಿದ್ದಾರೆ. ಗುರುವಾರ ಕರೆಂಟ್ 2ರಿಂದ 4 ಇಲ್ಲ — ಪೇಪರ್."

ಹಾಲಿಗೆ ಬೂತಿನವರು. ಕರೆಂಟಿಗೆ ಪೇಪರ್. ಯಾರು ಹೇಳಿದ್ದು ಎಂದು ಬರೆಯದೆ ಏನನ್ನೂ ಬರೆಯಬೇಡ ಎಂದು ಅಪ್ಪ ಕಲಿಸಿದ್ದು. ಶೇಷಾದ್ರಿಪುರದ ಕಾಲೇಜಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಆ ನಡುವಿನ ಸಾಲಿಗೆ ಹೇಳಿದವರಿಲ್ಲ.

ಹಿಂದಿನ ದಿನ ಅತ್ತಿಗೆಯ ಜೊತೆ ಮಾತಿಗೆ ಮಾತು ಬೆಳೆದಿತ್ತು. ಅಮ್ಮನ ತಾಮ್ರದ ಹಂಡೆ ಯಾರಿಗೆ ಎಂದು. ಮರುದಿನ ನೀರು ನಿಂತಿತು. ಎರಡನ್ನೂ ಕೂಡಿಸಿದವಳು ನಾನು. ಹಂಡೆ ನನಗೇ ಬಂತು. ಅದರ ತಳದಲ್ಲಿ ಈಗ ಬೆರಳು ದಪ್ಪ ಸುಣ್ಣ.

ಮೇ 15. "ಅಂಗಳದಲ್ಲಿ ಅಣ್ಣನ ಎದುರಿಗೇ ಅತ್ತಿಗೆಯನ್ನು ಕೇಳಿದೆ. 'ನಾನು ಮುಟ್ಟಿಲ್ಲ ಕಣೇ ಮೈತ್ರಿ' ಎಂದರು. ಸುಳ್ಳು."

ಪೇಪರಿನವರು ತಪ್ಪಿದರೆ ಮರುದಿನ ತಿದ್ದುಪಡಿ ಹಾಕುತ್ತಾರೆ. ಸುದ್ದಿ ಮುಖಪುಟದಲ್ಲಿ ಬಂದಿದ್ದರೂ ತಿದ್ದುಪಡಿ ಒಳಪುಟದ ಮೂಲೆಯಲ್ಲಿ. ಅಪ್ಪ ಅದನ್ನು ಹುಡುಕಿ ಗಟ್ಟಿಯಾಗಿ ಓದುತ್ತಿದ್ದರು. ನಾನೂ ಅಣ್ಣನೂ ಕೇಳಿಸಿಕೊಳ್ಳುತ್ತಿದ್ದೆವು.

ನನ್ನ ತಿದ್ದುಪಡಿಯನ್ನು ಓದಿ ಕೇಳಿಸಬೇಕಾದದ್ದು ಇಬ್ಬರಿಗೆ. ಒಬ್ಬ ಇಲ್ಲ.

ಮಾರ್ಚ್ 22, ಶನಿವಾರ. ಸಂಜೆ

ಟಿಡಿಎಸ್ 190. ಅಳೆದದ್ದು ನಾನೇ, 5.10ಕ್ಕೆ. ಮಾಯಣ್ಣ ಮೀಟರ್ ಬಿಟ್ಟು ಹೋಗಿದ್ದಾನೆ.

ಮೊದಲ ಎರಡು ಬಕೆಟ್ ಚೆಲ್ಲಿ ಅಂದಿದ್ದ. ಚೆಲ್ಲಿದೆ. ಮೂರನೆಯದರಲ್ಲಿ ಕೈ ತೊಳೆದೆ. ಸೋಪು ಕೈ ಬಿಡಲೇ ಇಲ್ಲ… ಎಷ್ಟು ನೀರು ಹಾಕಿದರೂ ಜಾರುತ್ತಿತ್ತು. ಮರೆತೇ ಹೋಗಿತ್ತು ಹೀಗಿರುತ್ತದೆ ಎಂದು. ತುಂಬ ಹೊತ್ತು ಹಾಗೇ ನಿಂತಿದ್ದೆ.

ಬೇಳೆ ಮೂರು ವಿಷಲ್. ಬೆಂದಿದೆ.

ಮುಂದಿನ ಮನೆಯ ವರಾಂಡದಲ್ಲಿ ಮೂರು ಸೂಟ್‌ಕೇಸ್, ಒಂದು ಕುಕ್ಕರ್ ಪೆಟ್ಟಿಗೆ. ತುಳಸಿಗೆ ನೀರು ಹಾಕಲು ಅತ್ತಿಗೆ ಹೊರಗೆ ಬಂದಿದ್ದರು. ಕಿಟಕಿಯಿಂದ ನೋಡಿದೆ. ಆಗಲೇ ಹೋಗಬಹುದಿತ್ತು. ಹೋಗಲಿಲ್ಲ.

2019ರ ದಿನಚರಿಯನ್ನು ಚೀಲಕ್ಕೆ ಹಾಕಿದ್ದೇನೆ. ಮೇ 14ರ ಪುಟದಲ್ಲಿ ಗುರುತು ಇದೆ. ಅತ್ತಿಗೆಯ ಎದುರಿಗೆ ಗಟ್ಟಿಯಾಗಿ ಓದುವುದು, ಆಮೇಲಿನದು…

ನಾಳೆ ಎಂಟಕ್ಕೆ ಮುಂದಿನ ಮನೆ. ಕಾರು ಒಂಬತ್ತಕ್ಕೆ.