ಹಾಲಿನ ಬೂತಿನ ಕರಿಹಲಗೆ

೨೨ ಆಗಸ್ಟ್ ೧೯೭೮, ಮಂಗಳವಾರ. ಬೆಳಿಗ್ಗೆ ೬.೪೫

ಹಾಲಿನ ಬೂತಿನ ಹಲಗೆಗೆ ಹಿಂದಿಯಲ್ಲಿ ಸುದ್ದಿ ಬರೆದು ಬಂದೆ. ಇವತ್ತು ನಾಲ್ಕೇ ಸುದ್ದಿ. ಸಂಜೆ ನಲ್ಲಿ ನೀರು ಐದರಿಂದ ಆರೂವರೆ. ರೇಷನ್ ಅಂಗಡಿಗೆ ಸಕ್ಕರೆ ಬಂದಿದೆ. ಮೂರನೇ ಗಲ್ಲಿಯ ಮೇಷ್ಟರ ಮಗಳ ಮದುವೆ ಕಾರ್ತಿಕಕ್ಕೆ ಮುಂದೆ ಹೋಯಿತು. ಜಮುನಾ ಹೊಳೆಯ ನೀರು ಮಾಮೂಲು.

ಸ್ಕೂಲಿಗೆ ಹೊರಟ ಸರಳಾ ನಿಂತು ಓದಿದಳು. "ಪಾಪಾ, ಚೀನೀ ಆಯಾ ಅಲ್ಲ. ಆಯೀ." ದಿಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಅಪ್ಪರ್ ಡಿವಿಷನ್ ಕ್ಲರ್ಕ್ ಆದೆ. ಸಕ್ಕರೆ ಹೆಣ್ಣೋ ಗಂಡೋ ಇನ್ನೂ ಗೊತ್ತಿಲ್ಲ. ಒರೆಸಿ ತಿದ್ದಿದೆ.

ಭೂರೋ ಬಂದಿದ್ದಳು. ಹೊಳೆಯ ಆಚೆ ದಂಡೆಯಲ್ಲಿ ತರಕಾರಿ ಬೆಳೆಯುವ ಮುದುಕಿ. ಎರಡು ಎಮ್ಮೆ ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಹೀರೇಕಾಯಿ, ಸೋರೆಕಾಯಿ ಹೊತ್ತು ಕಬ್ಬಿಣದ ಸೇತುವೆ ದಾಟಿ ಬರುತ್ತಾಳೆ. ಓದು ಬಾರದು. ಹಲಗೆ ಪೂರ್ತಿ ನಾನು ಓದಿ ಹೇಳಿದ ಮೇಲೆಯೇ ಅವಳ ವ್ಯಾಪಾರ ಶುರು. ಮದುವೆ ಯಾಕೆ ಮುಂದೆ ಹೋಯಿತೆಂದು ಕೇಳಿದಳು. ಅಷ್ಟೆಲ್ಲ ನನಗೆ ಗೊತ್ತಿಲ್ಲ ಎಂದೆ. ಹಾಗಾದರೆ ಅದೆಂಥ ಸುದ್ದಿ ಎಂದಳು.

೨೯ ಆಗಸ್ಟ್, ಮಂಗಳವಾರ

ಹೊಳೆ ಏರುತ್ತಿದೆ. ಆಫೀಸಿಗೆ ಹೊರಡುವ ಮೊದಲು ಸೇತುವೆಯ ಕಂಬದ ಅಳತೆಪಟ್ಟಿ ನೋಡಿ ಬರುವುದು, ಬಂದು ಬರೆಯುವುದು... ಯಾರೂ ಒಪ್ಪಿಸಿದ ಕೆಲಸವಲ್ಲ. ಆದರೂ ಹಾಲಿನ ಕ್ಯೂನಲ್ಲಿ ನಿಂತವರು ಪೇಪರ್ ಬಿಟ್ಟು ನನ್ನನ್ನು ಕೇಳುತ್ತಾರೆ. "ದೇವೇಂದ್ರಪ್ಪಜೀ, ಇವತ್ತು ಎಷ್ಟು?" ಸುಳ್ಳೇಕೆ, ಹಿತವಾಗುತ್ತದೆ. ಆಫೀಸಿನಲ್ಲಿ ನನ್ನನ್ನು ಯಾರು ಏನು ಕೇಳುತ್ತಾರೆ?

ಹೆಂಡತಿ ಮನೋರಮಾ ಮಾತ್ರ, "ಚಹಾ ಆರಿಹೋಯ್ತು, ಹೊಳೆ ಕುಡಿದು ಹೋಗಿ" ಅಂದಳು.

೩ ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ ೮

ಬಿಸಿಲು. ಪಟ್ಟಿಯಲ್ಲಿ ನಿನ್ನೆಗಿಂತ ನಾಲ್ಕು ಬೆರಳು ಕಡಿಮೆ. ಮೇಲಿನ ಅಣೆಕಟ್ಟಿನಿಂದ ಬಹಳ ನೀರು ಬಿಟ್ಟಿದ್ದಾರೆ ಎಂದು ರೇಡಿಯೋ. ಅದು ಕಳೆದ ವಾರವೂ ಹೀಗೇ ಹೆದರಿಸಿತ್ತು. ಹೇಗೆ ಬರೆಯಲಿ ಎಂದು ಯೋಚಿಸುತ್ತಿದ್ದಾಗ ಸರಳಾ, "ಪಕ್ಕಾ ಗೊತ್ತಿಲ್ಲದಿದ್ರೆ 'ಪತಾ ನಹೀಂ' ಅಂತ ಬರೀರಿ ನಾ, ಪಾಪಾ" ಅಂದಳು. ನಕ್ಕೆ. ಗೊತ್ತಿಲ್ಲ ಎನ್ನುವ ಹಲಗೆಯ ಮುಂದೆ ಯಾರು ನಿಲ್ಲುತ್ತಾರೆ?

ಬರೆದೆ— ಜಮುನೆ ಇಳಿಯುತ್ತಿದೆ, ಚಿಂತೆಯಿಲ್ಲ.

ಇವತ್ತೇ ಎಮ್ಮೆಗಳನ್ನು ಒಡ್ಡಿನ ಮೇಲಕ್ಕೆ ಹೊಡೆದುಕೊಂಡು ಹೋಗಬೇಕೆಂದಿದ್ದಳಂತೆ ಭೂರೋ. ಅಲ್ಲಿ ಮೇವು ಸಿಗುವುದಿಲ್ಲ ಎಂಬ ಚಿಂತೆಯೂ ಇತ್ತು. ಎರಡು ಸಲ ಓದಿಸಿಕೊಂಡಳು. "ಅಚ್ಛಾ" ಎಂದು ಬುಟ್ಟಿ ಎತ್ತಿಕೊಂಡು ಗುಡಿಸಲಿಗೇ ವಾಪಸ್ ಹೋದಳು.

೪ ಸೆಪ್ಟೆಂಬರ್, ಸೋಮವಾರ. ಸಂಜೆ ೫

ಮಧ್ಯಾಹ್ನದಿಂದ ಏರುತ್ತಿದೆ. ನೋಡನೋಡುತ್ತ ಘಾಟಿನ ಮೆಟ್ಟಿಲುಗಳು ಮುಳುಗಿದವು. ಪೊಲೀಸ್ ಜೀಪು ಮೈಕಿನಲ್ಲಿ ಖಾಲಿ ಮಾಡಿ ಎನ್ನುತ್ತಿದೆ. ಹೆಂಡತಿ, ಮಗಳು ಟ್ರಂಕು ತೆಗೆದುಕೊಂಡು ಕರೋಲ್ ಬಾಗಿನಲ್ಲಿ ನಮ್ಮ ಆಫೀಸಿನ ಗುಂಡಣ್ಣನ ಮನೆಗೆ ಹೊರಟಿದ್ದಾರೆ. ನಾನೂ ಹೋಗಬೇಕು.

ಮೊದಲು ಓಡಿದ್ದು ಹಲಗೆಯ ಹತ್ತಿರ. ನಿನ್ನೆಯ ಸಾಲು ಹಾಗೇ ಇತ್ತು. ಇವತ್ತು ಆಫೀಸಿಗೆ ತಡವಾಯಿತೆಂದು ಬರೆದೇ ಇರಲಿಲ್ಲ. ಅಂಗೈಯಿಂದ ಒರೆಸಿದೆ.

ಸೇತುವೆಗೆ ಬಿಡುತ್ತಿಲ್ಲ. ಆಚೆ ದಂಡೆ ಕಾಣುವುದಿಲ್ಲ. ನೀರು, ಅಲ್ಲೊಂದು ಇಲ್ಲೊಂದು ಮರದ ತಲೆ.

೮ ಸೆಪ್ಟೆಂಬರ್, ಶುಕ್ರವಾರ. ಕರೋಲ್ ಬಾಗ್

ನೋಟ್‌ಬುಕ್ ಟ್ರಂಕಿನಲ್ಲೇ ಇತ್ತು. ತೆಗೆಯಲಿಲ್ಲ.

ಮಾಡೆಲ್ ಟೌನ್ ಕಡೆಯೆಲ್ಲ ನೀರಂತೆ. ನಮ್ಮ ಗಲ್ಲಿಯಲ್ಲಿ ಸೊಂಟದವರೆಗೆ. ಅಲ್ಲಿಯವರೆಲ್ಲ ಕ್ಷೇಮ. ಅವರಿಗೆ ಹೇಳಲು ಜೀಪು ಬಂತು. ಆಚೆ ದಂಡೆಗೆ ಹೋದದ್ದು ನನ್ನ ಮಾತು.

ಮನೋರಮಾಗೆ ಇವತ್ತು ಭೂರೋ ವಿಷಯ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಇಲ್ಲಿ ಕೂತು ನನಗೆ ಹೇಳಿದ್ರೆ ಏನು ಬಂತು? ಹೋಗಿ ಹುಡುಕಿ" ಎಂದಳು.

೯ ಸೆಪ್ಟೆಂಬರ್, ಶನಿವಾರ

ಸಿಕ್ಕಿದಳು.

ಸೇತುವೆಯ ಮೇಲೆ ಈಗ ಬಿಡುತ್ತಿದ್ದಾರೆ. ಒಡ್ಡಿನ ಉದ್ದಕ್ಕೂ ಡೇರೆ. ಮೊದಲ ಎರಡು ಕಡೆ ಅಂಥ ಮುದುಕಿ ಬಂದಿಲ್ಲ ಎಂದರು. ಮೂರನೆಯ ಕಡೆ ಕೇಳಲು ಧೈರ್ಯವಾಗದೆ ಸುಮ್ಮನೆ ನಡೆದೆ. ಕೊನೆಯ ಡೇರೆಯ ಹಿಂದೆ ಒಂದು ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಒಂದೇ ಎಮ್ಮೆ.

ಕೂರಿಸಿದಳು. ಗಂಟಲವರೆಗೆ ನೀರು ಬಂದಿತ್ತಂತೆ. ಈ ಎಮ್ಮೆಯ ಬಾಲ ಹಿಡಿದು ಬಂದಳಂತೆ. ಇನ್ನೊಂದು ಹಿಂದೆಯೇ ಇತ್ತು, ತಿರುಗಿ ನೋಡಿದಾಗ ಇರಲಿಲ್ಲ.

ನನ್ನ ಓದು ಕೇಳಿಯೇ ವಾಪಸ್ ಹೋದೆಯಾ ಎಂದು ಕೇಳಿದೆ. ಇಲ್ಲ ಎನ್ನಲಿ ಎಂದೇ ಕೇಳಿದ್ದು, ಬೇರೆ ಯಾಕೆ?

"ಹೌದು ಬಾಬೂಜೀ. ಇಲ್ಲದಿದ್ರೆ ಅವತ್ತೇ ಒಡ್ಡು ಹತ್ತಿರ್ತಿದ್ದೆ."

ಸಿಟ್ಟಿಲ್ಲ. ಹೀರೇಕಾಯಿ ಎಳೆಯದೋ ಬಲಿತದ್ದೋ ಎಂದು ಹೇಳುವ ದನಿ. ಆಮೇಲೆ, ನಿಮ್ಮ ಮನೆಗೆ ನೀರು ಬಂತಾ, ಮಗಳು ಹೆದರಿದಳಾ ಎಂದು ಕೇಳಿದಳು. ಯಾರೋ ಕೊಟ್ಟ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿದಳು. ಬೇಡ ಎನ್ನಲಾಗಲಿಲ್ಲ. ಕುಡಿದೆ.

೧೭ ಸೆಪ್ಟೆಂಬರ್, ಭಾನುವಾರ

ಮನೆಗೆ ಬಂದು ಮೂರು ದಿನ. ನಮ್ಮದು ಮಹಡಿ, ಬಚಾವು. ಕೆಳಗೆ ಮೊಣಕಾಲು ಕೆಸರು. ಇಡೀ ಗಲ್ಲಿ ಗುದ್ದಲಿ ಹಿಡಿದಿದೆ.

ಹಲಗೆ ಬೂತಿನ ಪಕ್ಕದ ಮರದಲ್ಲೇ ನೇತಾಡುತ್ತಿತ್ತು. ಸೋಪು ಹಾಕಿ ತೊಳೆದೆ. ಬರೆಯುವುದೇ ಬೇಡ ಎಂದುಕೊಂಡಿದ್ದೆ. ನಲ್ಲಿ ನೀರು ಯಾವಾಗ, ಕಾಲರಾ ಸೂಜಿ ಎಲ್ಲಿ— ಇಬ್ಬರು ಕೇಳಿದರು, ಬರೆಯಬೇಕಾಯಿತು. ಬರೆಯುವುದಾದರೆ ಮೊದಲು ಅದನ್ನೇ.

"ಸೆಪ್ಟೆಂಬರ್ ೩ರಂದು ಜಮುನೆ ಇಳಿಯುತ್ತಿದೆ, ಚಿಂತೆಯಿಲ್ಲ ಎಂದು ಬರೆದೆ. ಚಿಂತೆಯಿಲ್ಲ ಎಂದದ್ದು ನನ್ನ ಊಹೆ. ಅದನ್ನು ನಂಬಿ ತರಕಾರಿಯ ಭೂರೋ ಹೊಳೆಯಲ್ಲಿ ಸಿಕ್ಕಿಕೊಂಡಳು. ಅವಳ ಒಂದು ಎಮ್ಮೆ ಸತ್ತಿತು. ತಪ್ಪು ನನ್ನದು."

"ಎಲ್ಲರೂ ಓದೋ ಕಡೆ ಇದು ಬೇಕಾ?" ಎಂದಳು ಮನೋರಮಾ. ಹಾಗೆಂದವಳೇ ಬಂದು, ಕೆಸರಿನಲ್ಲಿ ಅಲ್ಲಾಡುತ್ತಿದ್ದ ಸ್ಟೂಲು ಹಿಡಿದುಕೊಂಡಳು. ಸರಳಾ ಓದಿದಳು. ಒಂದೂ ತಪ್ಪಿಲ್ಲ ಎಂದಳು.

ಹಾಲಿನ ಕ್ಯೂನವರು ಬಂದು ಓದಿದರು. ಮೇಷ್ಟರು ಕನ್ನಡಕ ಒರೆಸಿಕೊಂಡು ಎರಡನೆಯ ಸಲ ಓದಿದರು. ನನ್ನ ಮುಖ ನೋಡದೆ ಹೋದರು.

೧೯ ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ ೭

ಭೂರೋ ಬಂದಳು. ಬುಟ್ಟಿಯಿಲ್ಲ. ತೋಟದ ಮೇಲೆಲ್ಲ ಮರಳು ಕೂತಿದೆಯಂತೆ, ದೀಪಾವಳಿ ಹೊತ್ತಿಗೆ ಪಾಲಕ್ ಹಾಕಿ ನೋಡುತ್ತಾಳಂತೆ. ತನ್ನ ಹೆಸರು ಹಲಗೆ ಮೇಲಿದೆ ಎಂದು ಯಾರೋ ಹೇಳಿದ್ದರು. ಓದಿ ಎಂದಳು.

ಜನರ ಎದುರಿಗೆ ಓದಿದೆ. ಎಮ್ಮೆಯ ಸಾಲಿಗೆ ಬಂದಾಗ ಅವಳು ಮಧ್ಯದಲ್ಲೇ ತಡೆದಳು.

"ಎಮ್ಮೆ ಸತ್ತಿತು ಅಂತ ಯಾಕೆ ಬರೆದ್ರಿ? ಸತ್ತಿದ್ದು ನೋಡಿದ್ದೀರಾ?"

ಇಲ್ಲ ಎಂದೆ.

"ನಾನೂ ನೋಡಿಲ್ಲ. ನೀರಲ್ಲಿ ಹೋಯ್ತು, ಅಷ್ಟೇ. ಕೆಳಗೆ ಯಾವ ಊರಲ್ಲಾದ್ರೂ ದಡ ಹತ್ತಿರಬಹುದು. ಅದನ್ನು ಬರೀರಿ. ಯಾರಾದ್ರೂ ನೋಡಿದ್ರೆ ಹೇಳ್ತಾರೆ."

ತಪ್ಪೊಪ್ಪಿಕೊಳ್ಳುವ ಸಾಲಿನಲ್ಲೂ ಮತ್ತೆ ಊಹೆ. ಅಲ್ಲೇ ಒರೆಸಿದೆ. ಸೀಮೆಸುಣ್ಣ ಒದ್ದೆಯಾಗಿತ್ತು, ಬೇರೆ ತರಲು ಮನೆಗೆ ಬಂದವನು ಮರೆಯುವ ಮೊದಲು ಅವಳು ಹೇಳಿದ ಎಮ್ಮೆಯ ಗುರುತು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಕಂದು ಬಣ್ಣ. ಹಣೆಯಲ್ಲಿ ಬಿಳಿ ಮಚ್ಚೆ. ಒಂದು ಕೊಂಬು ಒಳಕ್ಕೆ ಬಾಗಿದೆ— ಎಡದ್ದೋ ಬಲದ್ದೋ ಕೇಳಲಿಲ್ಲ. ಎಡ ಇರಬ... ಇಲ್ಲ. ಅವಳಿನ್ನೂ ಬೂತಿನ ಹತ್ತಿರವೇ ನಿಂತಿದ್ದಾಳೆ, ಕೇಳಿಕೊಂಡೇ ಬರೆಯುತ್ತೇನೆ.