ಮುಂದಿನ ಸಾಲಿನ ನಗು

ಪಾಹಿಯ ಅಪ್ಪಾ,

ಅಣ್ಣನ ಮಗಳ ಮದುವೆಗೆ ನಾನು ಮುಂಚಿತವಾಗಿ ಜೋರ್ಹಾಟ್‌ಗೆ ಹೊರಟೆ. ಮೀನಿನ ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ನಿನ್ನೆ ಡಾಕ್ಟರು ಹಲ್ಲು ಕ್ಲೀನ್ ಮಾಡಿ ಕನ್ನಡಿ ಹಿಡಿದರು. ತಾಮೂಲ್ ಅಡಿಕೆಯ ಕೆಂಪೆಲ್ಲ ಮಾಯ! ಹಾಲಿನಂಥ ಬಿಳುಪೇನಲ್ಲ, ಕೊಂಚ ಹಳದಿ. "ಅದೇ ನಿಮ್ಮ ಹಲ್ಲಿನ ಸ್ವಂತ ಬಣ್ಣ ಕಣಮ್ಮ, ತಾಮೂಲ್ ಮುಟ್ಟದಿದ್ರೆ ಹೀಗೇ ಇರುತ್ತೆ" ಅಂದರು.

"ಮದುವೆ ಮನೇಲಿ ತಾಮೂಲ್ ಕೊಟ್ರೆ ಬೇಡ ಅಂತೀಯಾ? ನಿನ್ನ ಕೈಲಾಗಲ್ಲ ಬಿಡು" ಎಂದು ನಕ್ಕಿರಲ್ಲ? ಬೇಡ ಅನ್ನುವುದೇ ಇಲ್ಲ. ತಟ್ಟೆಯಿಂದ ತೆಗೆದುಕೊಂಡು, ಹಣೆಗೊತ್ತಿ, ಸೆರಗಿನ ತುದಿಗೆ ಗಂಟು ಹಾಕುತ್ತೇನೆ. ಬಿಹು ಹಬ್ಬಕ್ಕೆ ಹೋದ ಮನೆಗಳಲ್ಲೆಲ್ಲ ಹಾಗೇ ಮಾಡಿದೆ. ಪಕ್ಕದಲ್ಲೇ ಕೂತು ಜಗಿಯುತ್ತಿದ್ದ ನಿಮಗೇ ಗೊತ್ತಾಗಲಿಲ್ಲ!

ನೀವು ಕದ್ದುಮುಚ್ಚಿ ನಿಂಬೆಹಣ್ಣು, ಇದ್ದಿಲು ಉಜ್ಜುವುದನ್ನು ನಿಲ್ಲಿಸಿ. ಕಲೆಯ ಜೊತೆ ಹಲ್ಲೂ ಸವೆದು ಹೋಗುತ್ತದೆ. ಮೆತ್ತನೆಯ ಹೊಸ ಬ್ರಷ್ಷು ಕಿಟಕಿಯಲ್ಲಿದೆ. ನಾಳೆ ಬೆಳಿಗ್ಗೆಗೆ ಡಾಕ್ಟರ ಹತ್ತಿರ ನಿಮ್ಮ ಹೆಸರೂ ಬರೆಸಿದ್ದೇನೆ, ಕ್ಲೀನ್ ಮಾಡಿಸಿಕೊಂಡೇ ಬಸ್ಸು ಹತ್ತಿ.

ಡಾಕ್ಟರ ಹತ್ತಿರ ಹೋಗದಿದ್ದರೂ ಚಿಂತೆಯಿಲ್ಲ. ಎಲ್ಲ ಮದುವೆಯ ಫೋಟೋದಲ್ಲೂ ತುಟಿ ಬಿಗಿದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆನಲ್ಲ, ಆ ಜಾಗ ಈಗ ಖಾಲಿಯಿದೆ. ನೀವು ನಿಂತುಕೊಳ್ಳಿ.

ನಾನು ಮುಂದಿನ ಸಾಲಿನಲ್ಲಿ, ವಧುವಿನ ಪಕ್ಕದಲ್ಲೇ, ಹಲ್ಲು ಬಿಟ್ಟುಕೊಂಡು ಇರುತ್ತೇನೆ.

ನಿರುಪಮಾ