ಕೆಳಗಿನ ಮನೆಯ ಕೊಂಕಣಿ

ಅಲ್ಮಾದಾ, ಪೋರ್ಚುಗಲ್
11 ಮೇ 2025, ಭಾನುವಾರ

ಪ್ರೀತಿಯ ಪರಿಮಳತ್ತೆಗೆ,

ನಿನ್ನ ಭೂಮಿಕಾಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಹೊಲಿಗೆ ಮೆಷಿನ್ನಿಗೆ ಮೋಟರ್ ಹಾಕಿಸುತ್ತೇನೆ ಎಂದಿದ್ದೆ, ಹಾಕಿಸಿದೆಯೋ, ಇನ್ನೂ ತುಳಿಯುತ್ತಲೇ ಇದ್ದೀಯೋ? ಜೂನ್ ಹತ್ತಿರ ಬಂತು, ಯಲ್ಲಾಪುರದ ಅರ್ಧದಷ್ಟು ಮಕ್ಕಳ ಯೂನಿಫಾರ್ಮ್ ನಿನ್ನ ಅಂಗಡಿಯಲ್ಲೇ ಬಿದ್ದಿರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋನಿನಲ್ಲಿ ಇದನ್ನೆಲ್ಲ ಕೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದರೆ ಸುತ್ತ ಗಿರಾಕಿಗಳು, ಇಡಗುಂದಿಗೆ ಮಾಡಿದರೆ ಅಪ್ಪನ ಸುತ್ತ ಮನೆಮಂದಿಯೆಲ್ಲ. ಎಲ್ಲರಿಗೂ ಚೆನ್ನಾಗಿದ್ದೇನೆ ಎಂದು ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಇಲ್ಲಿ ಪಾಠ ಇಂಗ್ಲಿಷಿನಲ್ಲಿ. ನೀರು ಶುದ್ಧೀಕರಣ ನನ್ನ ವಿಷಯವಾದ್ದರಿಂದ ದಿನದ ಹೆಚ್ಚು ಹೊತ್ತು ಲ್ಯಾಬಿನಲ್ಲೇ ಕಳೆಯುತ್ತದೆ. ಜೊತೆಯವರು ಕೆಟ್ಟವರಲ್ಲ. ನಾನು ಹೋಗಿ ಕೂತರೆ ನನಗಾಗಿ ಇಂಗ್ಲಿಷಿಗೆ ತಿರುಗುತ್ತಾರೆ, ಯಾರೋ ಒಂದು ತಮಾಷೆ ಮಾಡುತ್ತಾರೆ, ಎಲ್ಲರೂ ಮತ್ತೆ ಪೋರ್ಚುಗೀಸಿಗೆ ಮರಳುತ್ತಾರೆ. ಏಕೆ ನಕ್ಕಿರಿ ಎಂದು ಮೊದಮೊದಲು ಕೇಳುತ್ತಿದ್ದೆ. ವಿವರಿಸಿ ಹೇಳುವಷ್ಟರಲ್ಲಿ ಅವರ ಮುಖ ಸಪ್ಪಗಾಗುತ್ತಿತ್ತು. ಆಮೇಲೆ ಕೇಳುವುದು ಬಿಟ್ಟೆ. ಸಂಜೆ ತರಗತಿಗೆ ಹೋಗಿ ಅವರ ಭಾಷೆಯನ್ನು ಒಂದಿಷ್ಟು ಕಲಿತೆ, ಆದರೆ ಬ್ರೆಡ್ ಕೇಳುವಷ್ಟು ಭಾಷೆಯಲ್ಲಿ ಮನಸ್ಸಿನದನ್ನು ಯಾರಿಗೆ ಹೇಳಿಕೊಳ್ಳಲಿ? ಚಳಿಗಾಲದ ಕೆಲವು ಭಾನುವಾರ, ಬೆಳಗಿನಿಂದ ಬಾಯಿಯನ್ನೇ ತೆರೆದಿಲ್ಲ ಎಂಬುದು ಸಂಜೆ ನೆನಪಾಗುತ್ತಿತ್ತು. ಅಡುಗೆ ಮಾಡುತ್ತಾ ಕುಕ್ಕರಿನ ಹತ್ತಿರ ಕನ್ನಡ ಮಾತಾಡಿದ್ದೂ ಇದೆ. ನಗಬೇಡ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ತರಕಾರಿ ಹಿಡಿದು ಬರುತ್ತಿದ್ದೆ. ನಮ್ಮ ಕಟ್ಟಡದ ಕೆಳಗಿನ ಮನೆಯ ಕಿಟಕಿಯಿಂದ ಒಂದು ಮುದಿ ದನಿ ಕೇಳಿಸಿತು. "ಉದಾಕ್... ಮಾಕಾ ಉದಾಕ್ ದೀ." ನಿಂತುಬಿಟ್ಟೆ. ವಠಾರದಲ್ಲಿ ನಮ್ಮ ಪಕ್ಕದ ಮನೆಯ ನೇತ್ರಕ್ಕ ಅಂಗಳದಿಂದ ಒಳಗೆ ಕೂಗಿ ನೀರು ಕೇಳುತ್ತಿದ್ದಳಲ್ಲ, ಅದೇ ಕೊಂಕಣಿ ಮಾತು. ನೀನು ಅಂಗಡಿಗೆ ಹೋದಾಗಲೆಲ್ಲ ನಾನು ಅವಳ ಮನೆಯಲ್ಲೇ ಇರುತ್ತಿದ್ದೆ. "ಎಂತ ಮಾರಾಯ್ತಿ, ನಮ್ ಮಾತೇ ಮರ್ತು ಹೋಗ್ತದೆ ನಿಂಗೆ" ಎಂದು ನೀನು ಬೈಯುತ್ತಿದ್ದೆ. ಕಿಟಕಿಯೊಳಗೆ ಇಣುಕಿದರೆ ಹಾಸಿಗೆಯಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ತಲೆ ನರೆತ ಮಗ. ಅವರು ಕಂಬಳಿ ಹೊದಿಸುತ್ತಾರೆ, ಸೂಪು ತೋರಿಸುತ್ತಾರೆ, ಅಜ್ಜಿ ತಲೆ ಅಲ್ಲಾಡಿಸುತ್ತಲೇ ಇದ್ದಾರೆ. ಅವರಿಗೆ ನೀರು ಬೇಕಂತೆ ಎಂದು ನಾನು ಕಿಟಕಿಯಿಂದಲೇ ಪೋರ್ಚುಗೀಸಿನಲ್ಲಿ ಹೇಳಿದೆ. ಅಜ್ಜಿ ಇಡೀ ಲೋಟ ಕುಡಿದರು. ಮಗ ಬಾಗಿಲು ತೆರೆದು ನನ್ನನ್ನು ಒಳಗೆ ಕರೆದರು.

ಅಜ್ಜಿಯ ಹೆಸರು ಎಸ್ಪೆರಾನ್ಸಾ. ಮಡಗಾಂವ್‌ನಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಮಗ ಆರ್ಮಾಂದೊ ಬಸ್ ಚಾಲಕ. ಶಾಲೆಯಲ್ಲಿ ಹುಡುಗನಿಗೆ ತೊಂದರೆಯಾಗಬಾರದು ಎಂದು ಅಜ್ಜಿ ಮನೆಯಲ್ಲೂ ಪೋರ್ಚುಗೀಸೇ ಆಡಿದ್ದರಂತೆ. ಹೋದ ವರ್ಷ ಪಾರ್ಶ್ವವಾಯು ಹೊಡೆದ ಮೇಲೆ ಆ ಭಾಷೆ ಅವರಿಂದ ಪೂರ್ತಿ ಹೊರಟುಹೋಯಿತು. ಉಳಿದದ್ದು ಹುಟ್ಟಿನ ಕೊಂಕಣಿ. ಅದರ ಒಂದು ಪದವೂ ಮಗನಿಗೆ ಬಾರದು. ಅಂದಿನಿಂದ ನಾನು ದಿನವೂ ಲ್ಯಾಬ್ ಮುಗಿಸಿ ಅಲ್ಲಿಗೆ ಹೋಗತೊಡಗಿದೆ. ನನ್ನದು ನೇತ್ರಕ್ಕನಿಂದ ಬಂದ ಅಂಕೋಲೆ ಕಡೆಯ ಕೊಂಕಣಿ, ಮೀನಿನ ದರ ಕೇಳುವಷ್ಟರದು. ಅಜ್ಜಿಯದು ಬೇರೆ ಧಾಟಿ. ಆದರೂ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ನಡೆಯುತ್ತಿತ್ತು. ನನ್ನನ್ನು ಕಂಡ ಕೂಡಲೇ ಅವರು ಶುರು ಮಾಡುತ್ತಿದ್ದರು: ತಂಗಿಯ ಜಡೆ, ತವರುಮನೆ ಬಾವಿ, ಯಾವುದೋ ನಾಯಿ. ಮಗ ಬಾಗಿಲಲ್ಲಿ ನಿಂತು ತನ್ನ ವಿಷಯ ಏನಾದರೂ ಹೇಳಿದರಾ ಎಂದು ಕೇಳುತ್ತಿದ್ದರು. ಇಲ್ಲ ಎನ್ನಲು ನನಗೆ ಕಷ್ಟವಾಗುತ್ತಿತ್ತು. ಆದರೂ ಇಲ್ಲದ್ದನ್ನು ಸೇರಿಸಿ ಹೇಳಲಿಲ್ಲ ಅತ್ತೆ.

ಮಾರ್ಚಿನಲ್ಲಿ ಅಜ್ಜಿ ಒಬ್ಬರೇ ಇದ್ದಾಗ ಎರಡು ಸಲ ಮಂಚದಿಂದ ಬಿದ್ದರು. ಇನ್ನು ವೃದ್ಧಾಶ್ರಮವೇ ಗತಿ ಎಂದು ವೈದ್ಯರು ಹೇಳಿದರು. ತಾಯಿಯನ್ನು ಕೇಳದೆ ಕಳಿಸಲು ಆರ್ಮಾಂದೊಗೆ ಮನಸ್ಸಿಲ್ಲ. ಕೇಳಲು ಭಾಷೆಯಿಲ್ಲ. ನೀನು ಕೇಳು ಎಂದು ನನಗೆ ಹೇಳಿ, ಕಿಟಕಿಯ ಕಡೆ ತಿರುಗಿ ನಿಂತರು. ಇಂಥ ವಿಷಯಕ್ಕೆ ಬೇಕಾದ ಮಾತುಗಳನ್ನು ನೇತ್ರಕ್ಕ ನನಗೆ ಕಲಿಸಿರಲಿಲ್ಲ. ನೋಡಿಕೊಳ್ಳುವವರು ಇರುವ ದೊಡ್ಡ ಮನೆ, ಮಗ ದಿನಾ ಬರುತ್ತಾನೆ, ಹೋಗ್ತೀರಾ ಎಂದು ಹೇಗೋ ಕೇಳಿದೆ. ಅಜ್ಜಿ ಬಹಳ ಹೊತ್ತು ಮಗನ ಬೆನ್ನನ್ನೇ ನೋಡಿದರು.

"ವೆತಾಂ," ಅಂದರು. ಹೋಗ್ತೇನೆ ಎಂದು.

ನಾನು ಹಾಗೇ ಹೇಳಿದೆ. ಆರ್ಮಾಂದೊ ಈ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಅಜ್ಜಿ ನನ್ನ ಕೈ ಎಳೆದು, "ತೋ ಜೆವ್ಲೊ? ವಿಚಾರ್," ಅಂದರು. ಅವನು ಊಟ ಮಾಡಿದನಾ, ಕೇಳು.

ಅದನ್ನೂ ಪೋರ್ಚುಗೀಸಿಗೆ ತಿರುಗಿಸಿ ಹೇಳಿದೆ. ಅರವತ್ತರ ಆ ಮನುಷ್ಯ ಕೂತುಬಿಟ್ಟರು. ಊಟ ಆಯಿತು ಎನ್ನಲು ಕೊಂಕಣಿಯಲ್ಲಿ ಏನನ್ನಬೇಕು ಎಂದು ಕೇಳಿದರು. ಹೇಳಿಕೊಟ್ಟೆ. ತಾಯಿಯ ಮುಖದ ಹತ್ತಿರ ಬಾಗಿ, "ಹಾಂವ್ ಜೆವ್ಲೊಂ, ಹಾಂವ್ ಜೆವ್ಲೊಂ" ಎಂದು ಎರಡೆರಡು ಸಲ ಹೇಳಿದರು. ಅವರು ಅಂದು ಊಟ ಮಾಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಅಜ್ಜಿ ಕಣ್ಣು ಮುಚ್ಚಿ ತಲೆಯಾಡಿಸಿದರು.

ಏಪ್ರಿಲ್ ಮೊದಲ ವಾರ ಅವರನ್ನು ಕರೆದೊಯ್ದರು. ಜಾಗ ಚೊಕ್ಕಟವಾಗಿದೆ, ನೋಡಿಕೊಳ್ಳುವವರೂ ಒಳ್ಳೆಯವರು. ಆದರೆ ಎಲ್ಲರದೂ ಪೋರ್ಚುಗೀಸು. ನಾನು ಶನಿವಾರ ಬಸ್ ಹಿಡಿದು ಹೋದರೆ ಅಜ್ಜಿ ವಾರದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿಬಿಡುತ್ತಾರೆ. ಆರ್ಮಾಂದೊ ಒಂದೊಂದೇ ಪದ ಕಲಿಯುತ್ತಿದ್ದಾರೆ, ಪ್ರಶ್ನೆ ಕೇಳುವುದು ಕಲಿತರು, ಅಜ್ಜಿಯ ಉತ್ತರ ಇನ್ನೂ ಅರ್ಥವಾಗುವುದಿಲ್ಲ. ನನಗೆ ಮಾತ್ರ ಉಳಿದ ದಿನಗಳು ಮೊದಲಿಗಿಂತ ಉದ್ದವಾಗಿವೆ. ಅಜ್ಜಿಗೆ ನೆರವಾಗಲು ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ಇಡೀ ಊರಿನಲ್ಲಿ ನನ್ನ ದಾರಿ ಕಾಯುತ್ತಿದ್ದದ್ದು ಅವರೊಬ್ಬರೇ ಎಂದು ಈಗ ಗೊತ್ತಾಗುತ್ತಿದೆ.

ನೇತ್ರಕ್ಕನಿಗೆ ಇದನ್ನೆಲ್ಲ ಓದಿ ಹೇಳು, ಅವಳಿಗೆ ಸಂತೋಷವಾಗುತ್ತದೆ. ಅಪ್ಪನಿಗೆ ನಮಸ್ಕಾರ ತಿಳಿಸು. ಬೇಗ ಮಲಗು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ.

ನಿನ್ನ ಮಡಿಲ ಹುಡುಗಿ,
ಭೂಮಿಕಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆದೇಬಿಡುತ್ತೇನೆ. ಜುಲೈ ರಜೆಗೆ ನಾನು ಊರಿಗೆ ಬರುವುದಿಲ್ಲ. ಬರಬೇಕೆಂದು ಎಷ್ಟು ಅನಿಸುತ್ತದೆ ಎಂದು ಬರೆದರೆ ನೀನು ಅಳುತ್ತೀಯ. ಆದರೆ ನಾನು ಅಲ್ಲಿಗೆ ಬಂದರೆ ಅಜ್ಜಿಯ ಮಾತು ಅರ್ಥವಾಗುವವರು ಇಲ್ಲಿ ಒಬ್ಬರೂ ಇರುವುದಿಲ್ಲ. ಅದು ಹೇಗಿರುತ್ತದೆ ಎಂದು ನನಗೆ ಗೊತ್ತು ಅತ್ತೆ.